ಕಾಲು ತೊಳೆಯದೆ ಒಳಗೆ ಹೋದವರು

ಜಯನಗರ ನಾಲ್ಕನೇ ಟಿ ಬ್ಲಾಕ್
24 ಸೆಪ್ಟೆಂಬರ್ 2025

ಇಂಟರ್‌ನೆಟ್ಟಿನ ಯಜಮಾನರಿಗೆ,

ನಾನು ಸರಸ್ವತಮ್ಮ. ಎಂಜಿನಿಯರಾಗಿ ನಿವೃತ್ತರಾದ ದಿವಂಗತ ಚಕ್ರಪಾಣಿಯವರ ಹೆಂಡತಿ. ಈ ರಸ್ತೆಯಲ್ಲಿ ಮೊದಲು ಮನೆ ಕಟ್ಟಿಸಿದವರು ನಾವು. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದೇನೆ, ಆ ಕಾಲದ ಎಸ್.ಎಸ್.ಎಲ್.ಸಿ. ನಮ್ಮ ರಸ್ತೆಯ ಸಹಸ್ರನಾಮ ಮಂಡಳಿಗೆ ಅಧ್ಯಕ್ಷೆ ನಾನೇ. ಅದಕ್ಕೆ ಚುನಾವಣೆ ಯಾವತ್ತೂ ಆಗಿಲ್ಲ, ಆಗಬೇಕೆಂದು ಯಾರಿಗೂ ಅನ್ನಿಸಿಲ್ಲ. ನನ್ನ ಮನೆಗೆ ಬಂದವರು ಗೇಟಿನ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದೇ ಒಳಗೆ ಬರುತ್ತಾರೆ. ವೋಟು ಕೇಳಲು ಬಂದವರಿಗೂ ಶೂಸು ಬಿಚ್ಚಿಸಿದ್ದೇನೆ. ಇಷ್ಟು ನನ್ನ ಪರಿಚಯ.

ಈಗ ವಿಷಯ. ನನ್ನ ಮೊಮ್ಮಕ್ಕಳಿಬ್ಬರು ನಿಮ್ಮಲ್ಲಿದ್ದಾರೆ. ಸಮನ್ವಿತಾ ಏಳನೇ ಕ್ಲಾಸು. ಅವಳ ತಮ್ಮ ಆಶ್ರಿತ್ ಮೂರನೇ ಕ್ಲಾಸು. ಅವರ ಅಪ್ಪ, ಅಂದರೆ ನನ್ನ ಮಗ ಭಾರ್ಗವ, ಸೊಸೆ ಸುರಭಿಯನ್ನು ಕರೆದುಕೊಂಡು ಹಿಮಾಲಯದಲ್ಲಿ ಬೆಟ್ಟ ಹತ್ತಲು ಹೋಗಿದ್ದಾನೆ. ಅಲ್ಲಿಗೆ ಫೋನು ಹೋಗುವುದಿಲ್ಲ. ವಿಜಯದಶಮಿಯ ದಿನ ಬರುತ್ತಾರೆ. ಅಲ್ಲಿಯವರೆಗೆ ಮಕ್ಕಳು ನನ್ನ ಜವಾಬ್ದಾರಿ.

ನಿನ್ನೆ ಸಂಜೆ ಇಬ್ಬರೂ ಪಾರ್ಕಿನಿಂದ ಬಂದವರೇ, ಕಾಲು ಕೂಡ ತೊಳೆಯದೆ ಭಾರ್ಗವನ ಕಂಪ್ಯೂಟರಿನ ಮುಂದೆ ಕೂತರು. ನಾನು ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ನೆಲದ ಮೇಲೆ ಮಣ್ಣಿನ ಹೆಜ್ಜೆ. ಕಂಪ್ಯೂಟರಿನ ಗಾಜಿನ ಮೇಲೂ ಮಣ್ಣಿನ ಹೆಜ್ಜೆ, ಒಳಮುಖವಾಗಿ. ಸ್ವಲ್ಪ ಹೊತ್ತಿಗೆ ಪ್ರಿಂಟರಿನಿಂದ ತಾನಾಗಿ ಒಂದು ಹಾಳೆ ಬಂತು: "ಅಜ್ಜಿ, ನಾವು ಒಳಗಿದ್ದೀವಿ. ಆಚೆ ಬರೋಕೆ ಬಾಗಿಲು ಸಿಕ್ತಿಲ್ಲ."

ಇದನ್ನು ಪೊಲೀಸಿನವರಿಗೆ ಹೇಳಿದರೆ ನನ್ನನ್ನೇ ಆಸ್ಪತ್ರೆಗೆ ಸೇರಿಸುತ್ತಾರೆ. ಆದ್ದರಿಂದ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ. ಬರೆದದ್ದನ್ನು ಪ್ರಿಂಟರಿನ ಗಾಜಿನ ಮೇಲೆ ಬೋರಲು ಇಟ್ಟು ಹಸಿರು ಗುಂಡಿ ಒತ್ತುತ್ತೇನೆ. ಮಂಡಳಿಯ ಹಾಡುಗಳ ಪ್ರತಿ ತೆಗೆಯಲೆಂದು ಸೊಸೆ ಅಷ್ಟು ಕಲಿಸಿದ್ದಾಳೆ. ಮಕ್ಕಳಿಗೆ ಉಪಚಾರ ಏನೂ ಬೇಡ. ಇದ್ದ ಹಾಗೇ ಮನೆಗೆ ಕಳಿಸಿ.

ಸರಸ್ವತಮ್ಮ ಚಕ್ರಪಾಣಿ


ಒಳಗಡೆಯಿಂದ
24 ಸೆಪ್ಟೆಂಬರ್ 2025

ಅಜ್ಜಿಗೆ ನಮಸ್ಕಾರ.

ನಿಮ್ಮ ಕಾಗದ ಮೇಲಿಂದ ಬಿತ್ತು. ಇಲ್ಲಿ ಅದು ಜಮಖಾನೆಯಷ್ಟು ದೊಡ್ಡದು. ಆಶ್ರಿತ್ ನಿಮ್ಮ ಅಕ್ಷರದ ಮೇಲೆ ಓಡಾಡಿ ಓದಿದ. ಅಜ್ಜಿ, ಇಲ್ಲಿ ಯಜಮಾನರು ಅಂತ ಯಾರೂ ಇಲ್ಲ. ಕೇಳಿದ್ರೆ ಒಂದು ದನಿ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅನ್ನುತ್ತೆ, ಟಿಂಗ್ ಅನ್ನುತ್ತೆ, ಅಷ್ಟೆ.

ಆಗಿದ್ದು ಇಷ್ಟು. ಆಶ್ರಿತ್ ಒಂದು ಆಟ ತೆಗೆದ. "ಒಳಗೆ ಬನ್ನಿ" ಅಂತ ಬಂತು, ಒತ್ತಿದ. ಗಾಜು ಬೆಚ್ಚಗಾಯ್ತು, ಅವನ ಕೈ ಒಳಗೆ ಹೋಯ್ತು, ಆಮೇಲೆ ತಲೆ. ನಾನು ಕಾಲು ಹಿಡ್ಕೊಂಡು ಎಳೆದೆ. ಅವನು ಬರಲಿಲ್ಲ, ನಾನೇ ಬಂದೆ.

ಇಲ್ಲಿ ಒಂದೇ ಒಂದು ರಸ್ತೆ ಇದೆ. ಗೌರಿ ಹಬ್ಬದ ಹಿಂದಿನ ದಿನ ಫೋರ್ತ್ ಬ್ಲಾಕ್ ಮಾರ್ಕೆಟ್ ಹೇಗಿರುತ್ತೋ ಹಾಗೆ, ಆದರೆ ಕೊನೆ ಇಲ್ಲ. ನಾವು ನಿಂತ್ರೂ ರಸ್ತೆ ನಿಲ್ಲಲ್ಲ, ಕಾಲ ಕೆಳಗೆ ಹರೀತಾನೇ ಇರುತ್ತೆ. ಎರಡೂ ಕಡೆ ಬಾಗಿಲುಗಳು. ಹತ್ತಿರ ಹೋದ್ರೆ ಸಾಕು, ತಾವೇ ತೆಗೆದುಕೊಳ್ಳುತ್ತವೆ. ಒಂದರೊಳಗೆ ಬೆಕ್ಕು ಸೋಫಾ ಮೇಲಿಂದ ಬೀಳ್ತಾನೇ ಇರುತ್ತೆ. ಇನ್ನೊಂದರಲ್ಲಿ ಕೇಕ್ ಕತ್ತರಿಸ್ತಾನೇ ಇರ್ತಾರೆ, ಮುಗಿಯೋದೇ ಇಲ್ಲ. ಮಾರುವವರು ನಮ್ಮ ಹೆಸರು ಹಿಡಿದು ಹಿಂದೆ ಬರ್ತಾರೆ. ಒಬ್ಬನಿಗೆ ನನ್ನ ಶೂಸಿನ ಸೈಜೂ ಗೊತ್ತಿತ್ತು.

ಅಕ್ಷರಗಳ ಜಗಲಿ ಅಂತ ಒಂದು ಜಾಗ ಸಿಕ್ಕಿದೆ. ಒಂದೊಂದು ಅಕ್ಷರ ಕೇರಂ ಬೋರ್ಡಿನಷ್ಟು. ನಾನು ಹೇಳ್ತೀನಿ, ಆಶ್ರಿತ್ ಜಿಗೀತಾನೆ, ನಿಮಗೆ ಪ್ರಿಂಟ್ ಆಗುತ್ತೆ. ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಬೀಳ್ತಾನೆ. ತಪ್ಪಿದ್ರೆ ಬೈಬೇಡಿಕ. ನೋಡಿ, ಬಿದ್ದ.

ಹಸಿವಾಗಲ್ಲ. ಭಯಾನೂ ಇಲ್ಲ. ಚೆನ್ನಾಗೇ ಇದೆ.

ಸಮನ್ವಿತಾ


ಜಯನಗರ
25 ಸೆಪ್ಟೆಂಬರ್ 2025

ಚಿ. ಸಮನ್ವಿತಾಳಿಗೆ ಆಶೀರ್ವಾದ.

ಚೆನ್ನಾಗಿದೆ ಎಂದು ಬರೆದಿದ್ದೀಯ. ಪರರ ಜಾಗ ಚೆನ್ನಾಗಿದ್ದರೂ ಅಲ್ಲಿ ಉಳಿಯುವುದು ನಮ್ಮ ಪದ್ಧತಿಯಲ್ಲ. ಯಜಮಾನರಿಲ್ಲದ ಮನೆ ಇನ್ನೂ ಕೆಟ್ಟದ್ದು. ಹೊರಡುತ್ತೇವೆಂದು ಯಾರಿಗೆ ಹೇಳುವುದು? ತಮ್ಮನ ಕೈ ಬಿಡಬೇಡ. ತೆರೆದಿದೆ ಎಂದು ಕಂಡ ಬಾಗಿಲಿಗೆಲ್ಲ ನುಗ್ಗಬೇಡಿ.

ನಾನು ಗೊಂಬೆ ಕೂರಿಸಿದ್ದೇನೆ. ನಿತ್ಯದ ಹಾಗೆ ಸಂಜೆಗೆ ಬೀದಿಯ ಮಕ್ಕಳು ಬಂದು "ಗೊಂಬೆ ಕೂರ್ಸಿದ್ದೀರಾ?" ಎಂದು ಗೇಟಿನಲ್ಲಿ ಕೂಗುತ್ತಾರೆ, ಕಾಲು ತೊಳೆದು ಬಂದು ನೋಡಿ, ಕೈಗಿಟ್ಟ ಚರ್ಪಿನ ತಿಂಡಿ ತಿಂದು ಹೋಗುತ್ತಾರೆ. ನೀವಿಬ್ಬರೂ ಎಲ್ಲಿ ಎಂದು ಮಂಡಳಿಯವರು ಕೇಳಿದರು. ಒಳಗಿದ್ದಾರೆ ಎಂದೆ. ಸುಳ್ಳು ಹೇಳಿಲ್ಲ.

ಗೊಂಬೆಗಳ ಮುಂದೆ "ಫೋಟೋ ತೆಗೆಯಬಾರದು" ಎಂಬ ಬೋರ್ಡು ಈ ಸಲವೂ ಇದೆ. ಎದುರುಮನೆಯ ಇಂದ್ರಾಣಿಯನ್ನು ಈ ಸಲವೂ ಕರೆದಿಲ್ಲ. ಅರಿಶಿನ ಕುಂಕುಮಕ್ಕೆ ಬಂದವಳು ಕದ್ದು ವಿಡಿಯೋ ಮಾಡಿ ತನ್ನ ಅಡುಗೆ ಚಾನೆಲ್ಲಿನಲ್ಲಿ ಹಾಕಿಕೊಂಡದ್ದನ್ನು ನಾನು ಮರೆತಿಲ್ಲ.

ಅಲ್ಲಿ ಯಾರನ್ನಾದರೂ ಜಯನಗರಕ್ಕೆ ದಾರಿ ಕೇಳು. ಜಯನಗರ ಗೊತ್ತಿಲ್ಲದವರು ಇರಲಾರರು.

ಅಜ್ಜಿ


ಒಳಗಡೆಯಿಂದ
26 ಸೆಪ್ಟೆಂಬರ್ 2025

ಅಜ್ಜಿಗೆ ನಮಸ್ಕಾರ.

ಜಯನಗರ ಸಿಕ್ತು! ಆದರೆ ನಮ್ಮನೆ ಸಿಗಲಿಲ್ಲ.

ಮೊದಲು ಹುಡುಕುವ ಕಟ್ಟೆಗೆ ಹೋದ್ವಿ. ಅಲ್ಲಿ ಕೂತಿರೋರು ಏನು ಕೇಳಿದ್ರೂ ಸಾವಿರ ಉತ್ತರ ಕೊಡ್ತಾರೆ. "ಜಯನಗರದಲ್ಲಿ ನಮ್ಮ ಅಜ್ಜಿ ಮನೆ" ಅಂದೆ. ಬಾಡಿಗೆ ಮನೆ, ಮಾರೋ ಮನೆ, ಅಜ್ಜಿ ಮನೆ ಅಂತ ಒಂದು ಹೋಟ್ಲು, ಎಲ್ಲ ತೋರಿಸಿದ್ರುಪ. ಆಶ್ರಿತ್ ಮತ್ತೆ ಬಿದ್ದ. ಅಲ್ಲಿ ನಮಗೆ ಇಂಚರ ಸಿಕ್ಕಿದಳು. ಅವಳದು ಸುದ್ದಗುಂಟೆಪಾಳ್ಯ, ಐದನೇ ಕ್ಲಾಸು. ನಮಗಿಂತ ಮುಂಚೆ ಒಳಗೆ ಬಂದವಳು. ಅವಳೇ ನಮ್ಮನ್ನ ನಕ್ಷೆಯ ಮೈದಾನಕ್ಕೆ ಕರ್ಕೊಂಡು ಹೋದಳು.

ಅಜ್ಜಿ, ಇಡೀ ಬೆಂಗಳೂರು ನೆಲದ ಮೇಲೆ ಹಾಸಿದ ಹಾಗಿದೆ! ಲಾಲ್‌ಬಾಗ್ ದಾಟಿ, ಮೆಟ್ರೋ ಕೆಳಗೆ ನಡೆದು, ಯಡಿಯೂರು ಕೆರೆ ಹತ್ರ ಬಂದ್ವಿ. ಕೆರೆ ಒಂದು ತಟ್ಟೆಯಷ್ಟೇ ಇತ್ತು, ಆಶ್ರಿತ್ ಹಾರಿದ. ಆಮೇಲೆ ನಮ್ಮ ರಸ್ತೆ, ಇಂದ್ರಾಣಿ ಆಂಟಿ ಮನೆ, ಅವರ ಕೆಂಪು ಸ್ಕೂಟರು. ಎದುರಿಗೆ ನಮ್ಮನೆ ಇರ್ಬೇಕಿತ್ತು. ಇರಲಿಲ್ಲ. ಅಲ್ಲಿ ಬೂದಿ ಬಣ್ಣದ ಮಂಜು. ಆಶ್ರಿತ್ ಓಡಿ ನುಗ್ಗಿದ, ಚೆಂಡಿನ ಹಾಗೆ ಪುಟಿದು ವಾಪಸ್ ಬಂದ. "ಮನೆಯವರ ಕೋರಿಕೆಯಂತೆ ಈ ಸ್ಥಳವನ್ನು ಮರೆಮಾಡಲಾಗಿದೆ" ಅಂತ ದನಿ ಬಂತು.

ನೀವು ಅಪ್ಪನಿಗೆ ಹೇಳಿ ಮಾಡಿಸಿದ್ದಲ್ವಾ ಅಜ್ಜಿ?

ಇಂಚರಾಗೆ ಇಲ್ಲಿನ ನಿಯಮ ಗೊತ್ತು. ಆಚೆ ಹೋಗ್ಬೇಕು ಅಂದ್ರೆ ನಮ್ಮ ಮನೆ ಬಾಗಿಲು ಇಲ್ಲಿ ಕಾಣಿಸ್ಬೇಕಂತೆ, ಆ ಬಾಗಿಲಲ್ಲಿ ನಮಗೋಸ್ಕರ ಯಾರಾದ್ರೂ ನಿಂತಿರ್ಬೇಕಂತೆ. ಹಾಗೆ ಹೋದವರನ್ನ ಅವಳು ನೋಡಿದ್ದಾಳೆ. "ಮತ್ತೆ ನೀನ್ಯಾಕೆ ಹೋಗಿಲ್ಲ?" ಅಂತ ಆಶ್ರಿತ್ ಕೇಳಿಬಿಟ್ಟ. ಅವಳ ಮನೆ ಬಾಗಿಲು ನಕ್ಷೇಲಿ ಇದೆ. ಆದರೆ ಅದಕ್ಕೆ ಬೀಗ. ಅವರಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ. ಕೀ ಇವಳ ಕತ್ತಲ್ಲೇ ಇದೆ, ಸೀರೆ ಅಂಚಿನ ನೀಲಿ ದಾರದಲ್ಲಿ. "ನಮ್ಮನೇಲಿ ನಾನೇ ಬೀಗ ತೆಗೆದು ನಾನೇ ಒಳಗೆ ಹೋಗೋದು, ಬಾಗಿಲಲ್ಲಿ ಯಾರು ನಿಂತಿರ್ತಾರೆ?" ಅಂತ ನಕ್ಕಳು.

ನಮಗೆ ನೀವಿದ್ದೀರ. ಬಾಗಿಲಲ್ಲಿ ನಿಂತು ಒಂದು ವಿಡಿಯೋ ಹಾಕಿಸಿದ್ರೆ ಸಾಕು ಅಜ್ಜಿ.

ಸಮನ್ವಿತಾ


ಜಯನಗರ
27 ಸೆಪ್ಟೆಂಬರ್ 2025

ಚಿ. ಸಮನ್ವಿತಾಳಿಗೆ,

ಹೌದು, ಭಾರ್ಗವನಿಗೆ ಹೇಳಿ ಮನೆಯನ್ನು ಅಳಿಸಿಹಾಕಿಸಿದ್ದು ನಾನೇ. ಯಾಕೆ ಎಂದು ನಿಮಗೆ ಯಾರೂ ಹೇಳಿರಲಾರರು. ಇಂದ್ರಾಣಿಯ ವಿಡಿಯೋದಲ್ಲಿ ಗೊಂಬೆಗಳ ಹಿಂದೆ ನಿಮ್ಮ ತಾತನ ಫೋಟೋ ಬಂದಿತ್ತು. ಅವರು ಹೋಗಿ ವರ್ಷ ತುಂಬಿರಲಿಲ್ಲ. ಅದರ ಕೆಳಗೆ ಯಾರೋ ಗುರುತಿಲ್ಲದವರು ಹಲ್ಲು ಕಿರಿಯುವ ಮುಖಗಳನ್ನು ಸಾಲಾಗಿ ಹಾಕಿದ್ದರು. ಆಮೇಲೆ ಒಂದು ತಿಂಗಳು ಯಾರ್ಯಾರೋ ಗೇಟಿಗೆ ಬಂದು "ಗೊಂಬೆ ಅಜ್ಜಿ ಮನೆ ಇದೇನಾ?" ಎಂದು ಕೇಳುತ್ತಿದ್ದರು. ನನಗೆ ಒಂದು ಹೆಸರಿದೆ.

ಆವತ್ತೇ ಹೇಳಿದೆ, ನನ್ನ ಮನೆಯಾಗಲಿ ನನ್ನ ಮುಖವಾಗಲಿ ಇನ್ನು ಬೀದಿಗೆ ಬೀಳಕೂಡದು ಎಂದು. ಅದು ಮಾತು. ಗಳಿಗೆಗೊಂದು ಸಲ ಬದಲಾಯಿಸುವುದಕ್ಕಲ್ಲ.

ಬೇರೆ ದಾರಿ ಇರಲೇಬೇಕು. ನೀನು ಜಾಣೆ, ಹುಡುಕು. ಇನ್ನೊಂದು ವಿಷಯ: ಸೋಮವಾರ ಸರಸ್ವತಿ ಪೂಜೆ. ಪುಸ್ತಕ, ಪೆನ್ನು ಎಲ್ಲ ಪೂಜೆಗೆ ಇಡುತ್ತೇನೆ. ವಿಜಯದಶಮಿಯವರೆಗೆ ಈ ಮನೆಯಲ್ಲಿ ಯಾರೂ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ತಪ್ಪಿಸಿಲ್ಲ. ಅಷ್ಟರೊಳಗೆ ಬಂದುಬಿಡಿ.

ಅಜ್ಜಿ


ಒಳಗಡೆಯಿಂದ
28 ಸೆಪ್ಟೆಂಬರ್ 2025

ಅಜ್ಜಿಗೆ ನಮಸ್ಕಾರ.

ಆಯ್ತು ಅಜ್ಜಿ. ಬೇರೆ ದಾರಿ ಹುಡುಕ್ತಾ ಇದ್ದೀವಿ. ಎಲ್ಲರೂ ಆರಾಮಾಗಿದ್ದೀವಿ.

ಒಂದು ಪ್ರಶ್ನೆ. ನೀವು ಆಶ್ರಿತ್‌ಗೆ "ಬೇಡ" ಅಂತ ಯಾವಾಗ ಯಾವಾಗ ಹೇಳ್ತೀರ?

ಸಮನ್ವಿತಾ


ಜಯನಗರ
28 ಸೆಪ್ಟೆಂಬರ್ 2025, ಸಂಜೆ

ಚಿ. ಸಮನ್ವಿತಾಳಿಗೆ,

ಇದೆಂಥ ಪ್ರಶ್ನೆ? ಬೇಡ ಎಂದು ಎಲ್ಲದಕ್ಕೂ ಹೇಳುತ್ತೇನೆ. ಊಟಕ್ಕೆ ಮುಂಚೆ ಕೋಡುಬಳೆ ಬೇಡ. ಟೀವಿ ಬೇಡ. ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಕೂರುವುದು ಬೇಡ. ಅವನಿಗೆ ಇಷ್ಟವಾಗಲಿ ಎಂದು ನಾನು ಇರುವುದಲ್ಲ. ನನ್ನ ಮೇಲೆ ದೂರು ಬರೆಸಿಕೊಳ್ಳುತ್ತಿದ್ದಾನೋ?

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಆಶ್ರಿತ್ ಜಿಗಿದಿದ್ದರೆ ಒಂದಾದರೂ ಇರುತ್ತಿತ್ತು. ನೀನೇ ಜಿಗಿದು ಬರೆದಿದ್ದೀಯ.

ಆಶ್ರಿತ್ ಎಲ್ಲಿ?

ಅಜ್ಜಿ


ಒಳಗಡೆಯಿಂದ
29 ಸೆಪ್ಟೆಂಬರ್ 2025

ಅಜ್ಜಿ,

ಈಗ ನಿಮ್ಮ ಪೆನ್ನು ಪೂಜೆಗೆ ಹೋಗಿರುತ್ತೆ. ಓದೋದೂ ಇಲ್ಲವೇನೋ. ಆದ್ರೂ ಬರೀತೀನಿ.

ನಾನು ಹುಡುಕುವ ಕಟ್ಟೆಗೆ ಹೋಗಿ ದಿನಾ "ನಮ್ಮ ಅಜ್ಜಿ, ನಮ್ಮ ಅಜ್ಜಿ" ಅಂತ ಕೇಳ್ತಿದ್ದೆ. ಇಲ್ಲಿ ಏನು ಕೇಳ್ತೀವೋ ಅದನ್ನ ಮಾಡಿಕೊಡ್ತಾರೆ ಅಜ್ಜಿ. ನಿಮ್ಮ ಫೋಟೋ ಇವರ ಹತ್ರ ಇಲ್ವಲ್ಲ, ಅದಕ್ಕೆ ಲೋಕದ ಅಜ್ಜಿಯರನ್ನೆಲ್ಲ ಕಲಸಿ ಒಬ್ಬರನ್ನ ಮಾಡಿಬಿಟ್ಟರು. ಬಿಳಿ ಕೂದಲು, ದುಂಡು ಕನ್ನಡಕ, ಯಾವಾಗ್ಲೂ ನಗು. ರಸ್ತೆ ಪಕ್ಕದಲ್ಲೇ ಮನೆ. ಬಾಗಿಲು ತೆಗೆದು "ಬಾ ಕಂದ" ಅಂದರು. ಆಶ್ರಿತ್ ನನ್ನ ಕೈ ಬಿಡಿಸ್ಕೊಂಡು ಓಡಿಹೋದ.

ಅವರು ಯಾವುದಕ್ಕೂ ಬೇಡ ಅನ್ನಲ್ಲ. ಅವನು ಆಡ್ತಾನೆ, ಅವರು "ಇನ್ನೊಂದು ಆಡು ಕಂದ" ಅಂತಾರೆ. ನೋಡ್ತಾನೆ, "ಇನ್ನೊಂದು ನೋಡು ಕಂದ" ಅಂತಾರೆ. ಆ ಮನೇಲಿ "ಸಾಕು" ಅನ್ನೋ ಮಾತೇ ಇಲ್ಲ. ಇಂಚರ, ನಾನು ಇಬ್ರೂ ಕರೆದ್ವಿ. "ಅಜ್ಜಿ ಹತ್ರ ಇದ್ದೀನಿ ಹೋಗೇ" ಅಂದ. ನಿನ್ನೆ ನನ್ನನ್ನ "ಯಾರು ನೀನು?" ಅಂತ ಕೇಳಿದ. ತಮಾಷೆಗೆ ಅಲ್ಲ ಅಜ್ಜಿ.

ಚೆನ್ನಾಗಿದೆ ಅಂತ ಬರೆದಿದ್ದು ಸುಳ್ಳು. ನನಗೆ ಮೊದಲ ದಿನದಿಂದ ಭಯ ಇತ್ತು. ನೀವು ಮಂಡಳಿ ಅಧ್ಯಕ್ಷೆ, ನಿಮ್ಮ ಮೊಮ್ಮಗಳು ಅಳ್ತಾಳೆ ಅಂತ ಇಲ್ಲೆಲ್ಲ ಗೊತ್ತಾಗ್ಬಾರ್ದು ಅನ್ಸಿತ್ತು.

ಸಮನ್ವಿತಾ


ಜಯನಗರ
30 ಸೆಪ್ಟೆಂಬರ್ 2025

ಚಿ. ಸಮನ್ವಿತಾ, ನನ್ನ ತಾಯಿ,

ದೇವರ ಮುಂದಿನಿಂದ ಪೆನ್ನು ತೆಗೆದುಕೊಂಡು ಬರೆಯುತ್ತಿದ್ದೇನೆ. ಸರಸ್ವತಿಗೆ ಕೈಮುಗಿದು ಹೇಳಿದೆ, ನಿನ್ನ ಹೆಸರೇ ನನ್ನದೂ, ಇದೊಂದು ಸಲ ನೋಡಿಕೊ ಎಂದು.

ನಿನ್ನ ಕಾಗದ ಓದಿ ಮೊದಲು ನನಗೆ ಬಂದದ್ದು ಸಿಟ್ಟು. ಅವನಿಗೆ ನನಗಿಂತ ಒಳ್ಳೆಯ ಅಜ್ಜಿ ಸಿಕ್ಕಳು, ಇರಲಿ ಬಿಡು ಎಂದುಕೊಂಡೆ. ಒಲೆ ಹಚ್ಚಲಿಲ್ಲ. ಭಾರ್ಗವನ ಕೋಣೆಗೆ ಹೋಗಿ ಗಾಜಿನ ಮೇಲಿನ ಆ ಸಣ್ಣ ಹೆಜ್ಜೆಗಳನ್ನು ನೋಡಿದೆ. ಇಷ್ಟು ದಿನ ಅದನ್ನು ಒರೆಸಿರಲಿಲ್ಲ. ನನ್ನ ಮನೆಯಲ್ಲಿ ಮಣ್ಣು ಒಂದು ಗಂಟೆ ಉಳಿದದ್ದಿಲ್ಲ, ಅದನ್ನು ಮಾತ್ರ ಒರೆಸಲು ಕೈ ಬರಲಿಲ್ಲ. ಹೆಜ್ಜೆಯ ಹಿಮ್ಮಡಿ ಎದ್ದು ಕಾಣುತ್ತಿತ್ತು. ಆಗ ತೋಚಿತು: ಬನ್ನಿ ಬನ್ನಿ ಎಂದು ಎಲ್ಲರನ್ನೂ ಎಳೆದುಕೊಳ್ಳುವ ಆ ಊರಿನಲ್ಲಿ, "ನಿಲ್ಲು" ಎಂದು ತಡೆಯುವ ಬಾಗಿಲು ಒಂದೂ ಇರಲಾರದು.

ಎದುರುಮನೆಗೆ ಹೋದೆ. ಇಂದ್ರಾಣಿ ಜಗಲಿಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು.

"ಏನ್ ಸರಸ್ವತಮ್ನೋರೆ, ಬಿಸಿಲಿಗೆ ಗೇಟು ಗೊತ್ತಾಗ್ಲಿಲ್ವಾ? ನಿಮ್ಮನೆ ಆ ಕಡೆ."

"ನಿನ್ನ ಮನೆಗೇ ಬಂದೆ."

"ಬನ್ನಿ, ಬನ್ನಿ. ನಮ್ಮನೇಲಿ ಹಂಗೇ ಬರ್ಬೋದು, ಕಾಲು ಗೀಲು ತೊಳೆಯೋ ಕಾಟ ಇಲ್ಲ."

ನಾನು ಅವಳ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಮೆಟ್ಟಿಲು ಹತ್ತಿದೆ. ಅವಳ ನಗು ಅಲ್ಲಿಗೆ ನಿಂತಿತು.

"ನನ್ನದೊಂದು ವಿಡಿಯೋ ಹಿಡೀಬೇಕು," ಎಂದೆ.

"ಯಾರ್ದು?"

"ನನ್ನದು. ನಮ್ಮನೆ ಬಾಗಿಲಲ್ಲಿ."

ಸೊಪ್ಪಿನ ಕಟ್ಟು ಕೆಳಗೆ ಬಿತ್ತು. ಎಲ್ಲವನ್ನೂ ಹೇಳಿದೆ. ಅವಳು ನಂಬಲಿಲ್ಲ. ಕರೆದುಕೊಂಡು ಬಂದು ಗಾಜಿನ ಮೇಲಿನ ಹೆಜ್ಜೆ ತೋರಿಸಿದೆ, ನಿನ್ನ ಕಾಗದಗಳನ್ನು ಕೊಟ್ಟೆ. ಓದುತ್ತಾ ಓದುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಮೇಲೇ ರೇಗಿದಳು.

"ಇಷ್ಟು ದಿನ ಒಬ್ರೇ ಇದನ್ನ ಹೊಟ್ಟೇಲಿ ಇಟ್ಕೊಂಡು ಕೂತಿದ್ರಾ? ಎದುರುಮನೆ ಅಂತ ಮತ್ಯಾಕ್ರೀ ಇರೋದು ನಾವು? ನಮ್ಮಜ್ಜ ಇಲ್ಲಿ ರಾಗಿ ಬೆಳೀತಿದ್ದಾಗ ಈ ರಸ್ತೇನೇ ಇರ್ಲಿಲ್ಲ. ಗೇಟು ಹಾಕ್ಕೊಂಡಿದ್ದು ನೀವು."

ಅವಳ ಹಣೆಗೆ ಕುಂಕುಮ ಇಟ್ಟೆ. ತಾತನ ಫೋಟೋದ ಮುಂದೆ ನಿಂತು ಅವಳೂ ಕೈಮುಗಿದಳು. ಅಲ್ಲಿಗೆ ನಮ್ಮ ಮುನಿಸು ಮುಗಿಯಿತು.

ನನ್ನದು ಒಂದೇ ಷರತ್ತು. ಮಕ್ಕಳು ಬಂದ ತಕ್ಷಣ ವಿಡಿಯೋ ಅಳಿಸಬೇಕು. "ಆಯ್ತು. ಸ್ವಲ್ಪ ನಗ್ತೀರಾ?" ಎಂದಳು. "ಯಾಕೆ?" ಎಂದೆ. "ಬೇಡ ಬಿಡಿ, ನಿಮ್ ಮುಖ ಹಿಂಗಿದ್ರೇ ಮಕ್ಳು ಗುರ್ತು ಹಿಡಿಯೋದು," ಎಂದಳು.

ನಕ್ಷೆಯ ಮೇಲಿನ ಮಂಜನ್ನು ತೆಗೆಯಲೂ ಅವಳೇ ನನ್ನ ಹೆಸರಿನಲ್ಲಿ ಬರೆದು ಕಳಿಸಿದ್ದಾಳೆ. ಅದಕ್ಕೆ ಸಮಯ ಹಿಡಿಯುತ್ತದಂತೆ. ವಿಡಿಯೋ ನಾಳೆ ಬೆಳಿಗ್ಗೆ. ತಮ್ಮನಿರುವ ಆ ಮನೆಯ ಎದುರಿಗೇ ನಿಂತಿರು. ಒಳಗೆ ಹೋಗಬೇಡ.

ಅಳು ಬಂದರೆ ಅಳು. ನಾನೂ ಅತ್ತಿದ್ದೇನೆ.

ಅಜ್ಜಿ


ಒಳಗಡೆಯಿಂದ
1 ಅಕ್ಟೋಬರ್ 2025

ಅಜ್ಜೀ,

ಇದನ್ನ ಆಶ್ರಿತ್ ಜಿಗೀತಿದ್ದಾನೆ! ತಪಬುಗಳು ಅವನದೇ.

ಬೆಳಿಗ್ಗೆ ಆಕಾಶದಲ್ಲಿ ದೊಡ್ಡ ಕೆಂಪು ಬೊಟ್ಟು ಮೂಡ್ತು. ಎಲ್ಲರೂ ಸೂರ್ಯ ಅಂದ್ರು, ಯಾಕಂದ್ರೆ ಇಲ್ಲಿ ಸೂರ್ಯನ್ನ ಯಾರೂ ನೋಡಿಲ್ಲ. ನನಗೆ ಗೊತ್ತಾಯ್ತು, ಇವತ್ತು ಆಯುಧ ಪೂಜೆ, ನೀವು ಕಂಪ್ಯೂಟರಿಗೆ ಕುಂಕುಮ ಇಟ್ಟಿದ್ದೀರ.

ಆಮೇಲೆ ರಸ್ತೆ ಮಧ್ಯದಲ್ಲೇ ನಮ್ಮನೆ ಬಂತು. ಮೆಟ್ಟಿಲು, ರಂಗೋಲಿ, ಮಾವಿನ ತೋರಣ, ಹಿತ್ತಾಳೆ ಚಿಲಕ. ಬಾಗಿಲು ಮುಚ್ಚಿತ್ತು ಅಜ್ಜಿ! ಮುಚ್ಚಿರೋ ಬಾಗಿಲು ನೋಡಿ ಇಡೀ ರಸ್ತೆ ನಿಂತುಬಿಡ್ತು. ಹರಿಯೋದೇ ಮರೆತುಹೋಯ್ತು. ಬೆಕ್ಕು ಸೋಫಾ ಮೇಲೇ ಕೂತ್ಕೊಳ್ತು. ಬಾಗಿಲ ಮುಂದೆ ನೀವು, ಹಸಿರು ರೇಷ್ಮೆ ಸೀರೆ, ಪಕ್ಕದಲ್ಲಿ ಬಕೆಟ್ಟು, ಚೊಂಬು. ನೀವು ಯಾರಿಗೂ ಬನ್ನಿ ಅನ್ನಲಿಲ್ಲ. "ನಿಲ್ಲು ಅಲ್ಲೇ! ಎಲ್ಲೆಲ್ಲಿ ತುಳ್ಕೊಂಡು ಬಂದಿದ್ದೀಯೋ ಏನೋ. ಮೊದ್ಲು ಕಾಲು ತೊಳ್ಕೊ. ಹಿಮ್ಮಡಿ ಒದ್ದೆಯಾಗ್ಬೇಕು, ಆಶ್ರಿತ್! ಬೆರಳು ನೆನೆಸ್ಕೊಂಡು ಬಂದ್ರೆ ನಾನು ಒಳಗೆ ಬಿಡಲ್ಲ!" ಅಂದ್ರಿ.

ಆ ಅಜ್ಜಿ ಮನೆಯೊಳಗೆ ಆಟ ನಿಂತಿತು. ಆಶ್ರಿತ್ ತನ್ನ ಕಾಲನ್ನ ತಾನೇ ತಿರುಗಿಸಿ ನೋಡ್ಕೊಂಡ. ಪಾರ್ಕಿನ ಮಣ್ಣು ಹಾಗೇ ಇತ್ತು. ನಗುವ ಅಜ್ಜಿ "ಇನ್ನೊಂದೇ ಒಂದು ಕಂದ" ಅಂತ ಹಿಂದೆ ಬಂದ್ರು. ಅವನು ತಿರುಗಿ ನೋಡದೆ ಓಡಿ ಬಂದ. "ಅಕ್ಕಾ, ಅವ್ರು ಸುಳ್ಳಜ್ಜಿ ಕಣೇ. ಇಷ್ಟು ದಿನ ಇದ್ದೀನಿ, ನನ್ನ ಹಿಮ್ಮಡಿ ಒಂದ್ಸಲಾನೂ ನೋಡಿಲ್ಲ!"

ಈಗ ಬರ್ತೀವಿ. ಅದಕ್ಕೆ ಮುಂಚೆ ಒಂದು ಮಾತು ಹೇಳೋಕೆ ಬರೀತಿದ್ದೀನಿ. ಇಂಚರಾನ ಕರೆದ್ವಿ. ಬರಲ್ಲ ಅಂದಳು. "ಬೈದಿದ್ದು ನಿಮಗೆ, ನನಗಲ್ಲ. ಆ ಬಾಗಿಲು ನಂದಲ್ಲ," ಅಂದಳು. ಅವಳು ನಿಮ್ಮ ವಿಡಿಯೋನ ಮತ್ತೆ ಮತ್ತೆ ನೋಡ್ತಾ ಕೂತಿದ್ದಾಳೆ. ಸುದ್ದಗುಂಟೆಪಾಳ್ಯದಲ್ಲಿ ಗಂಗಮ್ಮನ ಗುಡಿ ಹಿಂದೆ ಹಸಿರು ಗೇಟು ಅವರದ್ದು.

ನಾವು ಬಂದ ಕೂಡ್ಲೇ ಅಳಿಸ್ಬೇಡಿ ಅಜ್ಜಿ. ನೀರು ತಣ್ಣಗಿದೆಯಾ?

ಸಮನ್ವಿತಾ, ಆಶ್ರಿತ್


ಸುದ್ದಗುಂಟೆಪಾಳ್ಯ
5 ಅಕ್ಟೋಬರ್ 2025

ಚಿ. ಇಂಚರಳಿಗೆ ಸರಸ್ವತಮ್ಮನ ಆಶೀರ್ವಾದಗಳು.

ನನ್ನನ್ನು ನೀನು ನೋಡಿದ್ದೀಯ. ಪರಿಚಯ ಬೇಡ.

ಸಮನ್ವಿತಾ, ಆಶ್ರಿತ್ ಆಯುಧ ಪೂಜೆಯ ಬೆಳಿಗ್ಗೆಯೇ ಮನೆ ಸೇರಿದರು. ಗಾಜಿನಿಂದ ನೆಲದವರೆಗೆ ಒದ್ದೆ ಹೆಜ್ಜೆ, ಈ ಸಲ ಹೊರಮುಖವಾಗಿ. ನಾನು ಮೊದಲು ಹಿಮ್ಮಡಿ ಮುಟ್ಟಿ ನೋಡಿದೆ. ಆಮೇಲೆ ಮುಖ. ಇಬ್ಬರೂ ಎರಡು ದಿನ ಮಲಗಿದ್ದರು, ತಿಂದರು, ಜಗಳವಾಡಿದರು.

ವಿಜಯದಶಮಿಯ ದಿನ ಮಗ ಸೊಸೆ ಬೆಟ್ಟದಿಂದ ಬಂದರು. ಭಾರ್ಗವ ಫೋನು ಹಿಡಿದುಕೊಂಡು "ಅಮ್ಮಾ, ಇದು ನೀವಾ?" ಎಂದ. ಊರೆಲ್ಲ ನೋಡಿದೆಯಂತೆ. ಈ ಮುದುಕಿಗೆ ಎಷ್ಟು ಜಂಬ ಎಂದು ಯಾರೋ ಬರೆದಿದ್ದಾರಂತೆ. ಜಂಬ ಇದೆ, ಅವರೇನು ಸುಳ್ಳು ಬರೆದಿಲ್ಲ. "ಅಳಿಸಿಬಿಡ್ಲಾ?" ಎಂದು ಕೇಳಿದ. ಇಂದ್ರಾಣಿಯೂ ಮಾತಿಗೆ ತಪ್ಪದೆ ಅಳಿಸಲು ಬಂದು ಕೂತಿದ್ದಳು. ಮಕ್ಕಳಿಬ್ಬರೂ ನನ್ನ ಮುಖ ನೋಡಿದರು.

ಅಳಿಸಬೇಡ ಎಂದೆ. ಆ ಬಾಗಿಲು ಇರಲಿ. ನಿನ್ನ ಹಾಗೆ ಒಳಗಿರುವವರಲ್ಲಿ ಯಾರಿಗಾದರೂ ತಮ್ಮ ಮನೆಯ ನೆನಪಾದೀತು.

ಆದರೆ ನಿನಗೆ ಅದು ಸಾಲದು. ಆ ಬಾಗಿಲು ನಿನ್ನದಲ್ಲ ಎಂದು ನೀನು ಹೇಳಿದ್ದು ಸರಿ. ನೀನು ನಾನು ಮೆಚ್ಚುವಂಥ ಹುಡುಗಿ. ಕರೆದರೆಂದು ಎಲ್ಲರ ಮನೆಗೂ ನುಗ್ಗುವವಳಲ್ಲ. ಅದಕ್ಕೇ ಇಂದ್ರಾಣಿಯ ಸ್ಕೂಟರಿನ ಹಿಂದೆ ಕೂತು ಸುದ್ದಗುಂಟೆಪಾಳ್ಯಕ್ಕೆ ಬಂದೆ. ನಿನ್ನ ಅಮ್ಮ ದಾನಮ್ಮ ಊರೆಲ್ಲ ಹುಡುಕಿ, ಪೊಲೀಸಿನವರ ಮುಂದೆ ನಿಂತು ನಿಂತು ಬಸವಳಿದಿದ್ದಳು. ನನ್ನ ಮಾತು ಕೇಳಿ "ಯಾರಮ್ಮ ನೀವು, ಹೊಟ್ಟೆ ಉರಿಯೋರ ಹತ್ರ ತಮಾಷೆ ಮಾಡೋಕ್ ಬಂದ್ರಾ?" ಎಂದಳು. ನೀಲಿ ದಾರದ ಕೀ ವಿಷಯ ಹೇಳಿದ ಮೇಲೆ ನನ್ನ ಕೈ ಹಿಡಿದು ಒಳಗೆ ಕರೆದಳು. ಆ ಅಂಚು ಅವಳ ಮದುವೆ ಸೀರೆಯದಂತೆ.

ಅವಳನ್ನು ನಿಲ್ಲಿಸಿ ಇವತ್ತು ಬೆಳಿಗ್ಗೆ ಇಂದ್ರಾಣಿ ವಿಡಿಯೋ ಹಿಡಿದು ಹಾಕಿದ್ದಾಳೆ. ನಿನ್ನಮ್ಮನಿಗೆ ಬೈಯಲು ಬರುವುದಿಲ್ಲ. ಅಳುವುದೇ ಆಯಿತು. ಕೊನೆಗೆ ನಾನು ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ. ಈಗ ಪರವಾಗಿಲ್ಲ, ಗಟ್ಟಿಯಾಗಿಯೇ ಬೈದಿದ್ದಾಳೆ. ನಿನ್ನ ಹೆಸರು ಹಿಡಿದೇ ಬೈದಿದ್ದಾಳೆ. ಕೇಳಿಸಿಕೊ.

ಅವಳು ಕೆಲಸ ಬಿಡುವಂತಿಲ್ಲ. ಇರಲಿ. ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಿನ್ನ ಬಾಗಿಲಲ್ಲಿ ನಾನಿರುತ್ತೇನೆ ಎಂದು ಮಂಡಳಿಯವರಿಗೆ ಹೇಳಿ ಬಂದಿದ್ದೇನೆ. ಸಹಸ್ರನಾಮ ನಾನಿಲ್ಲದೆಯೂ ನಡೆಯುತ್ತದಂತೆ. ಇಂದ್ರಾಣಿಯನ್ನು ಅಧ್ಯಕ್ಷೆ ಮಾಡಿದ್ದೇನೆ.

ಈ ಕಾಗದವನ್ನು ನಿಮ್ಮ ಹೊಸ್ತಿಲಿನ ಪಕ್ಕ ಕೂತು ಬರೆದೆ. ಪ್ರಿಂಟರಿನ ಮೇಲಿಡಲು, ಅವಳಪ್ಪನ ಜೊತೆ ಬಂದಿರುವ ಸಮನ್ವಿತಾ ಮನೆಗೆ ತೆಗೆದುಕೊಂಡು ಹೋಗುತ್ತಾಳೆ. ನಿಮ್ಮ ಬಾಗಿಲಿನ ಬೀಗ ತೆಗೆಸಿ ನನ್ನ ಚೀಲದಲ್ಲಿ ಹಾಕಿಕೊಂಡಿದ್ದೇನೆ. ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿದೆ. ಪಕ್ಕದಲ್ಲಿ ಕುರ್ಚಿ, ಬಕೆಟ್ಟು, ಚೊಂಬು. ನೀರು ಈಗಷ್ಟೇ ತುಂಬಿಸಿದೆ.